ಒಲೆಯಿಂದ ಇಳಿಸಿದ ಮೇಲಿನ ಕೆಲಸ: ಊಟದ ಡಬ್ಬಿ ಕಳಿಸುವವಳ ಅನುಭವ

ಮೈಸೂರಿನ ನಮ್ಮ ಮನೆಯಿಂದ ಕೆಲಸಕ್ಕೆ ಹೋಗುವವರಿಗೆ, ಪಿಜಿಯಲ್ಲಿರುವ ಮಕ್ಕಳಿಗೆ ಮಧ್ಯಾಹ್ನದ ಊಟದ ಡಬ್ಬಿ ಕಳಿಸುತ್ತೇನೆ. ಅನ್ನ, ಸಾರು, ಪಲ್ಯ, ಮಜ್ಜಿಗೆ, ಕೆಲವು ದಿನ ಚಿತ್ರಾನ್ನ. ಹೊಸದಾಗಿ ಈ ಕೆಲಸ ಶುರು ಮಾಡುವವರು 'ಅಕ್ಕಾ, ಊಟ ಕೆಡದ ಹಾಗೆ ಹೇಗೆ ನೋಡಿಕೊಳ್ತೀರಿ?' ಅಂತ ಕೇಳುತ್ತಿರುತ್ತಾರೆ. ತರಕಾರಿ ತೊಳೆಯುವುದು, ಪಾತ್ರೆ ಉಜ್ಜುವುದು ಎಲ್ಲರಿಗೂ ಗೊತ್ತಿರುವುದೇ. ನಾನು ಜಾಸ್ತಿ ಗಮನ ಕೊಡುವುದು ಅಡುಗೆ ಒಲೆಯಿಂದ ಇಳಿದ ಮೇಲಿನ ಹೊತ್ತಿಗೆ.

ಮೊದಲು ಅನ್ನ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣಗಳು ಇರುವುದು ಸಾಮಾನ್ಯ. ಗದ್ದೆಯ ಮಣ್ಣಿನಿಂದಲೇ ಬರುತ್ತವೆ. ಅಕ್ಕಿ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಅನ್ನ ಬೇಯುವ ಬಿಸಿಗೆ ಎಲ್ಲವೂ ಸಾಯುವುದೂ ಇಲ್ಲ. ಬೆಂದ ಅನ್ನ ಪಾತ್ರೆಯಲ್ಲಿ ಬೆಚ್ಚಗೆ ಕೂತರೆ ಅವು ಮೊಳೆತು, ಬೆಳೆದು, ವಿಷ ಬಿಡುತ್ತವೆ. ಒಮ್ಮೆ ಆ ವಿಷ ಸೇರಿತು ಅಂದರೆ ಬೆಳಗ್ಗೆ ಒಗ್ಗರಣೆ ಹಾಕಿ ಎಷ್ಟು ಹುರಿದರೂ ಹೋಗುವುದಿಲ್ಲ. ನಿಂಬೆಹಣ್ಣು ಹಿಂಡಿದರೂ ಹೋಗುವುದಿಲ್ಲ. ಮೂಸಿ ನೋಡಿದರೂ ಗೊತ್ತಾಗುವುದಿಲ್ಲ. ತಿಂದ 6 ಗಂಟೆಯೊಳಗೆ, ಕೆಲವರಿಗೆ ಅರ್ಧ ಗಂಟೆಯಲ್ಲೇ, ವಾಂತಿ ಶುರುವಾಗುತ್ತದೆ. ರಾತ್ರಿ ಉಳಿದ ಅನ್ನ ಹೊರಗೇ ಇಟ್ಟು ಬೆಳಗ್ಗೆ ಮಕ್ಕಳ ಡಬ್ಬಿಗೆ ಚಿತ್ರಾನ್ನ ಮಾಡುವ ಮನೆಗಳು ಎಷ್ಟಿಲ್ಲ ಹೇಳಿ. ಅದನ್ನು ನೆನೆದರೇ ನನಗೆ ಕಳವಳ.

ಹಾಗಾಗಿ ಡಬ್ಬಿಯ ಚಿತ್ರಾನ್ನಕ್ಕೆ ನಾನು ಬೆಳಗ್ಗೆಯೇ ಅನ್ನ ಮಾಡುತ್ತೇನೆ. ಅನ್ನ ಉದುರಾಗಿ ಬರಬೇಕಲ್ವಾ, ಅದಕ್ಕೆ ಎರಡು ಅಗಲವಾದ ಪರಾತ ಇಟ್ಟುಕೊಂಡಿದ್ದೇನೆ. ಕುಕ್ಕರ್ ಮುಚ್ಚಳ ತೆಗೆದ ಕೂಡಲೇ ಅನ್ನವನ್ನು ಪರಾತಕ್ಕೆ ಸುರಿದು, ಎರಡು ಬೆರಳಿನಷ್ಟು ದಪ್ಪಕ್ಕೆ ಹರಡಿ, ಫ್ಯಾನ್ ಕೆಳಗಿಡುತ್ತೇನೆ. ಮೇಲೊಂದು ಜಾಲರಿ ಮುಚ್ಚಳ. ಸೌಟಿನ ಹಿಂಬದಿಯಿಂದ ನಡುನಡುವೆ ಗೆರೆ ಎಳೆದರೆ ಹಬೆ ಬೇಗ ಹೋಗುತ್ತದೆ. ಕೈ ಹಾಕುವುದಿಲ್ಲ. ಅರ್ಧ ಗಂಟೆ ಸಾಕು. ಮನೆಗೆಂದು ರಾತ್ರಿ ಉಳಿದ ಅನ್ನವನ್ನೂ ಹೀಗೇ ಆರಿಸಿ ಫ್ರಿಜ್‌ಗೆ ಸೇರಿಸುತ್ತೇನೆ. ಮಾರನೆಯ ದಿನವೇ ಮುಗಿಸುತ್ತೇವೆ.

ನಮ್ಮತ್ತೆಗೆ ಇದು ಮೊದಲು ಒಪ್ಪಿಗೆಯಾಗಿರಲಿಲ್ಲ. 'ಬಿಸಿ ಅನ್ನ ಫ್ರಿಜ್ಜಿಗೆ ಇಟ್ರೆ ಫ್ರಿಜ್ಜೇ ಹಾಳಾಗುತ್ತೆ ಕಣಮ್ಮ. ನಾವೆಲ್ಲ ತಂಗಳನ್ನ ತಿಂದೇ ಬೆಳೆದಿಲ್ವಾ?' ಅನ್ನುತ್ತಿದ್ದರು. ಅವರ ಮಾತಿನಲ್ಲೂ ಹುರುಳಿದೆ. ತಂಗಳನ್ನಕ್ಕೆ ಅವರು ನೀರು, ಮೊಸರು ಬೆರೆಸುತ್ತಿದ್ದರು. ಚೆನ್ನಾಗಿ ಹುಳಿ ಬಂದ ಕಡೆ ಈ ಬ್ಯಾಕ್ಟೀರಿಯಾಗೆ ಬೆಳೆಯುವುದು ಕಷ್ಟ. ದೋಸೆ ಹಿಟ್ಟು ಹೊರಗಿಟ್ಟು ಹುದುಗಿಸುವುದೂ ಅದೇ ಹುಳಿಯ ಆಸರೆಯಲ್ಲಿ. ಒಣ ಅನ್ನವನ್ನು ತಪ್ಪಲೆಯಲ್ಲಿ ಮುಚ್ಚಿಡುವುದು ಬೇರೆ ಮಾತು. 'ಅತ್ತೆ, ಕುದಿಯೋದನ್ನ ಇಡ್ತಿಲ್ಲ, ಹರಡಿ ಆರಿಸಿ ಇಡ್ತಿದೀನಿ' ಅಂತ ತೋರಿಸಿದೆ. ಈಗ ಪರಾತ ತೆಗೆದಿಡುವವರೇ ಅವರು.

ಸಾರಿನ ವಿಷಯ ಇನ್ನೂ ಕಷ್ಟ. ಅಡುಗೆಗೆ ಚುಚ್ಚಿ ನೋಡುವ ಒಂದು ಥರ್ಮಾಮೀಟರ್ ಕೊಂಡಿದ್ದೇನೆ. ಕೆಲವು ನೂರು ರೂಪಾಯಿ ಅಷ್ಟೇ. ಐಸ್ ತುಂಬಿದ ನೀರಿನಲ್ಲಿ ಅದ್ದಿದರೆ 0 ತೋರಿಸಬೇಕು. ಕುದಿಯುವ ನೀರಿನಲ್ಲಿ 97ರ ಆಸುಪಾಸು ತೋರಿಸಿದರೆ ಕೆಟ್ಟಿದೆ ಅಂದುಕೊಳ್ಳಬೇಡಿ. ಮೈಸೂರು ಸಮುದ್ರಮಟ್ಟಕ್ಕಿಂತ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಅಷ್ಟಕ್ಕೇ ಕುದಿಯುತ್ತದೆ. ರಾತ್ರಿ 8ಕ್ಕೆ ಇಳಿಸಿ ಮುಚ್ಚಿಟ್ಟ ದೊಡ್ಡ ತಪ್ಪಲೆ ಸಾರಿಗೆ ಇದನ್ನು ಇಟ್ಟು ನೋಡಿದ್ದೆ. ಮಲಗುವ ಹೊತ್ತಿಗೂ ನಡುಭಾಗ 50 ಡಿಗ್ರಿ ಮೇಲಿತ್ತು. ಬೆಳಗ್ಗೆ ಎದ್ದಾಗಲೂ ಉಗುರುಬೆಚ್ಚಗೇ ಇತ್ತು. ಅಂದರೆ ಇಡೀ ರಾತ್ರಿ ಸಾರು ಅಪಾಯದ ಬಿಸಿಯಲ್ಲಿ ಕೂತಿತ್ತು. 5ರಿಂದ 60 ಡಿಗ್ರಿವರೆಗಿನ ಬಿಸಿಯಲ್ಲೇ ಈ ಬ್ಯಾಕ್ಟೀರಿಯಾಗಳು ಬೆಳೆಯುವುದು. ಬೇಳೆಸಾರು, ಮಾಂಸದ ಸಾರಿನ ದೊಡ್ಡ ಪಾತ್ರೆಯ ತಳದಲ್ಲಿ ಗಾಳಿ ಇರುವುದಿಲ್ಲ. ಕ್ಲಾಸ್ಟ್ರಿಡಿಯಂ ಪರ್‌ಫ್ರಿಂಜೆನ್ಸ್ ಅನ್ನುವ ಇನ್ನೊಂದು ಬ್ಯಾಕ್ಟೀರಿಯಾಗೆ ಬೇಕಾದದ್ದು ಅದೇ. ಮದುವೆ ಮನೆ ಊಟ, ಹಾಸ್ಟೆಲ್ ಊಟದಂಥ ದೊಡ್ಡ ಅಡುಗೆಗಳಲ್ಲಿ ಇದರ ಕಾಟ ಜಾಸ್ತಿ.

ಈಗ ಉಳಿದ ಸಾರನ್ನು ಕೂಡಲೇ ಎರಡು ಮೂರು ಅಗಲ ಬೋಗುಣಿಗಳಿಗೆ ಹಂಚಿಬಿಡುತ್ತೇನೆ. ಸಿಂಕ್‌ನಲ್ಲಿ ತಣ್ಣೀರು ತುಂಬಿ ಅದರಲ್ಲಿ ಬೋಗುಣಿ ಕೂರಿಸಿ, ಸೌಟಿನಿಂದ ಆಗಾಗ ತಿರುವಿ, ಆರಿದ ಮೇಲೆ ಫ್ರಿಜ್‌ಗೆ. ಇಳಿಸಿದ 2 ಗಂಟೆಯೊಳಗೆ ಇದೆಲ್ಲ ಮುಗಿಯಬೇಕು. ಮತ್ತೆ ಬಿಸಿ ಮಾಡುವಾಗ ಸುಮ್ನೆ ಬೆಚ್ಚಗೆ ಮಾಡುವುದಿಲ್ಲ, ಕುದಿ ಬರಿಸುತ್ತೇನೆ. ಅದೂ ಒಂದೇ ಸಲ. ಮತ್ತೂ ಉಳಿದರೆ ಇಟ್ಟುಕೊಳ್ಳುವುದಿಲ್ಲ.

ಫ್ರಿಜ್ ಅಂದ ತಕ್ಷಣ ನೆನಪಾಯಿತು. ಒಳಗಿನ ತಿರುಗಣೆಯಲ್ಲಿ 1, 2, 3 ಅಂತ ಇರುವುದು ಡಿಗ್ರಿ ಅಲ್ಲ. ಎಷ್ಟು ತಂಪು ಮಾಡಬೇಕು ಅನ್ನುವ ಹಂತ ಅಷ್ಟೇ. ಒಂದು ಲೋಟ ನೀರನ್ನು ರಾತ್ರಿಯಿಡೀ ನಡುವಿನ ತಟ್ಟೆಯಲ್ಲಿಟ್ಟು, ಬೆಳಗ್ಗೆ ಅದರಲ್ಲಿ ಥರ್ಮಾಮೀಟರ್ ಅದ್ದಿ ನೋಡಿ. 5 ಡಿಗ್ರಿಗಿಂತ ಕಡಿಮೆ ಇರಬೇಕು. ಬೇಸಿಗೆಯಲ್ಲಿ ಕರೆಂಟ್ ಹೋದಾಗ ಬಾಗಿಲು ತೆಗೆಯದಿದ್ದರೆ ಸುಮಾರು 4 ಗಂಟೆ ತಡೆಯುತ್ತದೆ. ಅದಕ್ಕಿಂತ ಜಾಸ್ತಿ ಹೊತ್ತಾದರೆ ಉಳಿದ ಅಡುಗೆ, ಹಾಲು, ಮಾಂಸ ಇಟ್ಟುಕೊಳ್ಳಬೇಡಿ. ಕಾಯಿ ಚಟ್ನಿಯನ್ನಂತೂ ನಾನು ಡಬ್ಬಿಗೆ ಹಾಕುವುದೇ ಇಲ್ಲ. ಹಸಿ ತೆಂಗಿನಕಾಯಿ, ನೀರು ಎರಡೂ ಸೇರಿ ಮಧ್ಯಾಹ್ನಕ್ಕೆ ಹಳಸುತ್ತದೆ. ಅದರ ಬದಲು ಶೇಂಗಾ ಚಟ್ನಿಪುಡಿ ಕಳಿಸುತ್ತೇನೆ.

ಭಾನುವಾರ ಮನೆಯವರಿಗಷ್ಟೇ ಕೋಳಿ. ಅದನ್ನು ನಲ್ಲಿ ಕೆಳಗೆ ತೊಳೆಯುವುದಿಲ್ಲ. ಸಿಡಿದ ಹನಿಗಳು ಪಕ್ಕದ ಕೊತ್ತಂಬರಿ ಸೊಪ್ಪಿನ ಮೇಲೂ ಬೀಳುತ್ತವೆ, ಆ ಸೊಪ್ಪನ್ನು ನಾವು ಹಸಿಯಾಗೇ ಉದುರಿಸುತ್ತೇವೆ. ಕಾಗದದಿಂದ ಒರೆಸಿ ನೇರ ಪಾತ್ರೆಗೆ ಹಾಕುತ್ತೇನೆ. ಕೋಳಿಯ ಮಣೆ, ಚಾಕು ಬೇರೆಯೇ.

ಇನ್ನೊಂದು ಮಾತು, ಇದು ನನಗೆ ತುಂಬಾ ಮುಖ್ಯ. ಕೈಯಲ್ಲಿ ಕೀವುಗಾಯ ಇರುವವರು ಮುಟ್ಟಿದ ಅಡುಗೆಗೆ ಸ್ಟ್ಯಾಫಿಲೊಕಾಕಸ್ ಅನ್ನುವ ಬ್ಯಾಕ್ಟೀರಿಯಾ ಸೇರಬಹುದು. ಅದು ಬಿಡುವ ವಿಷವೂ ಕುದಿಸಿದರೆ ಹೋಗುವಂಥದ್ದಲ್ಲ. ನನ್ನ ಜೊತೆ ಕೆಲಸ ಮಾಡುವ ಹೆಂಗಸರಿಗೆ ಮೊದಲೇ ಹೇಳಿದ್ದೇನೆ: ಹೊಟ್ಟೆ ಕೆಟ್ಟರೆ, ಕೈಗೆ ಗಾಯವಾಗಿ ಕೀವಾದರೆ ಬರಬೇಡಿ, ಆ ದಿನದ ಕೂಲಿ ಕೊಡುತ್ತೇನೆ. ಭೇದಿ ನಿಂತು ಎರಡು ದಿನ ಕಳೆದ ಮೇಲೆ ಬನ್ನಿ. ಕೂಲಿ ಹಿಡಿದರೆ ಪಾಪ ಅವರು ಮುಚ್ಚಿಟ್ಟುಕೊಂಡೇ ಬರಬೇಕಾಗುತ್ತದೆ. ಮಕ್ಕಳ ಫೀಸು, ಮನೆ ಬಾಡಿಗೆ ಅವರಿಗೂ ಇದೆ. ಒಂದು ದಿನದ ಕೂಲಿ ಉಳಿಸಲು ಹೋಗಿ ಅಷ್ಟೂ ಡಬ್ಬಿಗಳನ್ನು ಅಪಾಯಕ್ಕೆ ಒಡ್ಡುವುದು ಯಾವ ಲೆಕ್ಕ?

ಡಬ್ಬಿ ಮನೆಯಿಂದ ಹೊರಟ ಮೇಲೆ ನಮ್ಮ ಕೈಯಲ್ಲಿರುವುದಿಲ್ಲ. ಅದಕ್ಕೆ ಮುಚ್ಚಳದ ಮೇಲೆ ತುಂಬಿಸಿದ ಹೊತ್ತು, 2 ಗಂಟೆ ಬಿಟ್ಟು 'ಇಷ್ಟರೊಳಗೆ ಊಟ ಮಾಡಿ' ಅಂತ ಇನ್ನೊಂದು ಹೊತ್ತು ಬರೆದು ಕಳಿಸುತ್ತೇನೆ. ಕೆಲವು ಹುಡುಗರು ಅರ್ಧ ಉಳಿಸಿ ರಾತ್ರಿಗೆ ಇಟ್ಟುಕೊಳ್ಳುತ್ತಿದ್ದರು. ಬೇಡ ಅಂತ ಬೈದರೆ ಅವರ ಹಸಿವು ತೀರುತ್ತದೆಯೇ? ರಾತ್ರಿಗೂ ಬೇಕು ಅನ್ನುವವರಿಗೆ ಈಗ ಜೋಳದ ಕಡಕ್ ರೊಟ್ಟಿ, ಚಟ್ನಿಪುಡಿ ಬೇರೆ ಕಟ್ಟಿ ಕಳಿಸುತ್ತೇನೆ.