ಪ್ಲಗ್ಗಿಗೆ ಚುಚ್ಚೋ ಸೋಲಾರ್ ತರಿಸೋ ಮುಂಚೆ ಕರೆಂಟ್ ಬಿಲ್ ತೆಗೀರಿ

ಜರ್ಮನೀಲಿ ಬಾಲ್ಕನಿ ಕಂಬಿಗೆ ಎರಡು ಪ್ಯಾನೆಲ್ ಕಟ್ಟಿ ವೈರ್ ತಂದು ಗೋಡೆ ಪ್ಲಗ್ಗಿಗೆ ಚುಚ್ಚಿಬಿಡ್ತಾರೆ, ಬಿಸಿಲಿನ ಕರೆಂಟು ಆ ಪ್ಲಗ್ಗಿಂದಲೇ ಮನೆ ವೈರಿಂಗಿಗೆ ಸೇರುತ್ತೆ. ಆ ದೇಶದಲ್ಲಿ 2024ರಿಂದ 800 ವ್ಯಾಟ್ ಇನ್ವರ್ಟರ್ (ಪ್ಯಾನೆಲ್ ಕರೆಂಟನ್ನ ಮನೆ ಕರೆಂಟಾಗಿ ಬದಲಿಸೋ ಡಬ್ಬಿ) ತನಕ ಕಾನೂನೇ ಸಲೀಸು ಮಾಡಿಕೊಟ್ಟಿದೆ. ಆ ವಿಡಿಯೋ ನೋಡಿ ನಮ್ಮ ಕೊಡಗಲ್ಲೂ ಆನ್‌ಲೈನಲ್ಲಿ ಆರ್ಡರ್ ಮಾಡೋಕೆ ಹೊರಟೋರಿದ್ದಾರೆ. ಸ್ವಲ್ಪ ತಡೀರಿ.

ಮೊದ್ಲು ಬಿಲ್ ನೋಡಿ. ಗೃಹಜ್ಯೋತೀಲಿ ಸೊನ್ನೆ ಬಿಲ್ ಬರ್ತಿದ್ರೆ ಉಳಿತಾಯಾನೂ ಸೊನ್ನೆ, ಇಲ್ಲಿಗೇ ಓದೋದು ನಿಲ್ಲಿಸಬಹುದು. ಆದ್ರೆ ಸ್ಕೀಮಲ್ಲಿದ್ದೂ ಕೆಲವು ತಿಂಗಳು 210, 220 ಯೂನಿಟ್ ಆಗೋ ಮನೆಗಳಿವೆಯಲ್ಲ, ಅವರಿಗೆ ಮಜಾ ಇರೋದು. 200 ದಾಟಿದ್ರೆ ಪೂರ್ತಿ ಬಿಲ್ ಕಟ್ಬೇಕು, ಅದರೊಳಗಿದ್ರೆ ನಿಮಗೆ ಗೊತ್ತು ಮಾಡಿರೋ ಮಿತಿ ಮೇಲಿನಷ್ಟಕ್ಕೆ ಮಾತ್ರ. 400 ವ್ಯಾಟ್‌ ಪ್ಯಾನೆಲ್ ಒಂದು ಒಳ್ಳೆ ಬಿಸಿಲಲ್ಲಿ ದಿನಕ್ಕೆ ಒಂದೂವರೆ ಯೂನಿಟ್ ಕೊಡುತ್ತೆ, ತಿಂಗಳಿಗೆ 45. ಯೂನಿಟ್ಟಿಗೆ 6 ರೂಪಾಯಿ ಹಿಡಿದ್ರೂ 270, ಆದ್ರೆ 200ರ ಗೆರೆ ತಪ್ಪಿಸಿದ್ರೆ ಅದಕ್ಕಿಂತ ಎಷ್ಟೋ ಜಾಸ್ತಿ.

ಆಮೇಲೆ ನೆರಳು. ಬೆಳಿಗ್ಗೆ 9ರಿಂದ 3 ಗಂಟೆ ತನಕ ಸಿಲ್ವರ್ ಓಕ್ ನೆರಳು ಎಲ್ಲೆಲ್ಲಿ ಬೀಳುತ್ತೆ ಅಂತ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಒಂದು ಮೂಲೆಗೆ ನೆರಳು ಬಿದ್ರೂ ಇಡೀ ಪ್ಯಾನೆಲ್ ಸೊರಗುತ್ತೆ. ನಮ್ಮಲ್ಲಿ ಕಾಫಿ ಕಣದಷ್ಟು ಬಿಸಿಲು ಬೇರೆಲ್ಲೂ ಸಿಗಲ್ಲ, ಆದ್ರೆ ಕಾಫಿ ಒಣಗಿಸೋ ಟೈಮಲ್ಲಿ ಅಲ್ಲಿ ಪ್ಯಾನೆಲ್ ಇಡ್ತೀನಿ ಅಂದ್ರೆ ಮನೇಲಿ ಜಗಳ ಗ್ಯಾರಂಟಿ. ಕಕ್ಕಡದ (ಜುಲೈ-ಆಗಸ್ಟ್) ಮಳೇಲಿ ಲೆಕ್ಕಕ್ಕೇ ಹಿಡೀಬೇಡಿ.

ಈಗ ರೂಲ್ಸು. ಲೈನಿಗೆ ಸೇರೋ ಯಾವ ಸೋಲಾರಿಗೂ ನಮ್ಮ ಕರೆಂಟ್ ಕಂಪನಿ ಚೆಸ್ಕಾಂ ಒಪ್ಪಿಗೆ, ಒಳಗೆ ಬಂದಿದ್ದು ಹೊರಗೆ ಹೋಗಿದ್ದು ಎರಡನ್ನೂ ಬೇರೆ ಬೇರೆ ಲೆಕ್ಕ ಇಡೋ ನೆಟ್ ಮೀಟರ್ ಬೇಕು, ಸಣ್ಣದು ಅಂತ ಸುಮ್ಮನೆ ಚುಚ್ಚೋ ಹಾಗಿಲ್ಲ. ಮಾಮೂಲಿ ಮೀಟರುಗಳಲ್ಲಿ ಎಷ್ಟೋ ಮೀಟರ್ ಹೊರಗೆ ಹೋದ ಕರೆಂಟನ್ನೂ ನೀವೇ ಬಳಸಿದ್ದು ಅಂತ ಓದ್ತವೆ, ಅಂದ್ರೆ ನಿಮ್ಮ ಬಿಸಿಲಿಗೆ ನೀವೇ ದುಡ್ಡು ಕಟ್ಟೋದು! ಸಬ್ಸಿಡಿ ಬೇಕಂದ್ರೆ ಮನೆ ಮೇಲೆ ಹಾಕೋ ಸೋಲಾರಿಗೆ ಕೇಂದ್ರ ಸರ್ಕಾರದ ಸ್ಕೀಮಾದ ಪಿಎಂ ಸೂರ್ಯಘರ್‌ಗೆ ಅರ್ಜಿ ಹಾಕಿ, 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3ಕ್ಕೆ ಮತ್ತು ಅದರ ಮೇಲೆ 78,000.

ಜನ ಮೋಸ ಹೋಗೋದು ಇನ್ನೊಂದು ಕಡೆ. ಮರ ಬಿದ್ದು ಲೈನ್ ಹೋದ್ರೆ ಪ್ಲಗ್ ಸೋಲಾರೂ ಆಫ್ ಆಗುತ್ತೆ, ಎಷ್ಟೇ ಬಿಸಿಲಿದ್ರೂ. ಕಂಬ ಹತ್ತಿರೋ ಲೈನ್‌ಮ್ಯಾನ್ ಜೀವ ಉಳೀಲಿ ಅಂತಾನೇ ಹಾಗೆ ಮಾಡಿರೋದು.

ಹಾಗಾಗಿ ಕರೆಂಟ್ ಹೋದಾಗ ಬೆಳಕು ಬೇಕು ಅನ್ನೋರು ಮನೇಲಿರೋ ಯುಪಿಎಸ್ ಬ್ಯಾಟರಿಗೇ ಪ್ಯಾನೆಲ್ ಕೊಡಿ, ಲೈನಿಗೆ ಸೇರದಿದ್ರೆ ನೆಟ್ ಮೀಟರ್ ತಲೆನೋವಿಲ್ಲ. ಒಂದೇ ಬ್ಯಾಟರಿ ಇದ್ರೆ ಅದು 12 ವೋಲ್ಟು, ದೊಡ್ಡ ಪ್ಯಾನೆಲ್ 40 ವೋಲ್ಟ್ ಹತ್ರ ಬಿಡುತ್ತೆ, ನೇರ ಕೊಟ್ರೆ ಬ್ಯಾಟರಿ ಹಾಳು. ಮಧ್ಯೆ ಆ ವೋಲ್ಟನ್ನ ಬ್ಯಾಟರಿಗೆ ತಕ್ಕಷ್ಟಕ್ಕೆ ಇಳಿಸೋ ಎಂಪಿಪಿಟಿ ಚಾರ್ಜ್ ಕಂಟ್ರೋಲರ್ ಹಾಕಿ, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಇರ್ಲಿ. ಕಂಟ್ರೋಲರಿಗೆ ಬ್ಯಾಟರಿ ವೈರ್ ಮೊದ್ಲು, ಪ್ಯಾನೆಲ್ ವೈರ್ ಆಮೇಲೆ. ಬಿಚ್ಚೋವಾಗ ಉಲ್ಟಾ.