ಅಪ್‌ಗ್ರೇಡ್ ಆದ ಮೇಲೆ ಡಿ ಡ್ರೈವ್ ತೆರೆಯದಿದ್ದರೆ: ಫಾರ್ಮ್ಯಾಟ್ ಒತ್ತುವ ಮೊದಲು

ಕಾಸರಗೋಡಿನ ಕಡೆ ಒಂದೇ ಕಂಪ್ಯೂಟರಿನಲ್ಲಿ ಎರಡು ಸಂಸಾರ ಇರುವುದು ಸಾಮಾನ್ಯ. ನುಡಿ, ಬರಹದಲ್ಲಿ ಟೈಪು ಮಾಡಲು ವಿಂಡೋಸ್. ಶಾಲೆಯ ಐಟಿ ಪಾಠಕ್ಕೆ ಕೈಟ್ ಗ್ನೂ/ಲಿನಕ್ಸ್ ಅಥವಾ ನೇರವಾಗಿ ಉಬುಂಟು. ಪ್ರಶ್ನೆಪತ್ರಿಕೆ, ಮಂಗಲಪತ್ರ, ಫೋಟೊ ಎಲ್ಲ ಇರುವುದು ಇಬ್ಬರಿಗೂ ಸೇರಿದ ಡಿ ಡ್ರೈವಿನಲ್ಲಿ. ಉಬುಂಟುವನ್ನು ಹೊಸ ಆವೃತ್ತಿಗೆ ಏರಿಸಿದ ಮರುದಿನ ಆ ಡ್ರೈವ್ ತೆರೆಯುವುದಿಲ್ಲ, ಇಲ್ಲವೇ ಯಂತ್ರ 'ಎಮರ್ಜೆನ್ಸಿ ಮೋಡ್' ಎಂದು ಕಪ್ಪು ಪರದೆಯಲ್ಲಿ ನಿಂತುಬಿಡುತ್ತದೆ. ಗಾಬರಿಯಲ್ಲಿ ಫಾರ್ಮ್ಯಾಟ್ ಒತ್ತುವುದು ಈ ಹೊತ್ತಿನಲ್ಲೇ. ಕಡತಗಳು ಸಾಮಾನ್ಯವಾಗಿ ಇದ್ದಲ್ಲೇ ಇರುತ್ತವೆ. ಕೆಟ್ಟಿರುವುದು ಅವುಗಳಿಗೆ ಹೋಗುವ ದಾರಿ ಮಾತ್ರ.

ಇಲ್ಲಿ ಕನ್ನಡದಲ್ಲಿ ಬರೆದಿರುವ ಆದೇಶಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪು ಮಾಡಬೇಕು.

1. ಡಿಸ್ಕ್ ಕಾಣುತ್ತದೆಯೇ?

'ಎಲ್‌ಎಸ್‌ಬಿಎಲ್‌ಕೆ -ಎಫ್' ಕೊಡಿ. ಪಟ್ಟಿಯಲ್ಲಿ ಡಿಸ್ಕಿನ ಹೆಸರೇ ಇಲ್ಲದಿದ್ದರೆ ಯಂತ್ರ ಆರಿಸಿ ಸಾಟಾ ಕೇಬಲನ್ನು ಎರಡೂ ತುದಿಯಲ್ಲಿ ಕಳಚಿ ಮತ್ತೆ ಒತ್ತಿ ಕೂರಿಸಿ. ಹೆಸರಿದ್ದರೆ 'ಸುಡೋ ಡಿಮೆಸೇಜ್' ಓಡಿಸಿ (ಟೈಪು ಮಾಡುವಾಗ ಡಿ, ಎಂ, ಇ, ಎಸ್, ಜಿ), ಕೊನೆಯ ಸಾಲುಗಳನ್ನು ಓದಿ. ಅಲ್ಲಿ 'ಐ/ಒ ಎರರ್' (ಡಿಸ್ಕಿನಲ್ಲಿ ಓದಲು, ಬರೆಯಲು ಆಗುತ್ತಿಲ್ಲ ಎಂದರ್ಥ) ಕಂಡರೆ ಮುಂದಿನ ಎರಡು ಹಂತಗಳನ್ನು ಮುಟ್ಟಬೇಡಿ, ನೇರ ನಾಲ್ಕನೆಯದಕ್ಕೆ ಹೋಗಿ.

ಡಿಸ್ಕನ್ನು ಬಿಚ್ಚಿ ಅಗ್ಗದ ಯುಎಸ್‌ಬಿ ಪೆಟ್ಟಿಗೆಯಲ್ಲಿ ಹಾಕಿ ಬೇರೆ ಯಂತ್ರಕ್ಕೆ ಚುಚ್ಚಿ ನೋಡುವ ಅಭ್ಯಾಸವಿದೆ. ಅಂಥ ಕೆಲವು ಪೆಟ್ಟಿಗೆಗಳು ಸೆಕ್ಟರಿನ (ಡಿಸ್ಕನ್ನು ಹಂಚಿರುವ ಸಣ್ಣ ತುಂಡಿನ) ಅಳತೆಯನ್ನೇ ಬದಲಿಸಿ ಹೇಳುತ್ತವೆ. ಆಗ ಸರಿಯಿರುವ ಡಿಸ್ಕೂ ಖಾಲಿಯಂತೆ ಕಾಣುತ್ತದೆ, ವಿಂಡೋಸ್ 'ಇನಿಶಿಯಲೈಸ್ ಮಾಡಲೇ?' ಎಂದು ಕೇಳುತ್ತದೆ. ಬೇಡ ಎನ್ನಿ.

2. ಎನ್‌ಟಿಎಫ್‌ಎಸ್ 'ಡರ್ಟಿ' ಆಗಿದೆಯೇ?

ವಿಂಡೋಸ್ ಡ್ರೈವಿನಲ್ಲಿ ಕಡತಗಳನ್ನು ಜೋಡಿಸಿಡುವ ಕ್ರಮ ಎನ್‌ಟಿಎಫ್‌ಎಸ್; ಡ್ರೈವನ್ನು ಸರಿಯಾಗಿ ಮುಚ್ಚದಿದ್ದಾಗ ಉಳಿಯುವ ಗುರುತು 'ಡರ್ಟಿ'. ಡಿ ಡ್ರೈವ್ ಕ್ಲಿಕ್ ಮಾಡಿದಾಗ 'ರಾಂಗ್ ಎಫ್‌ಎಸ್ ಟೈಪ್, ಬ್ಯಾಡ್ ಆಪ್ಷನ್, ಬ್ಯಾಡ್ ಸೂಪರ್‌ಬ್ಲಾಕ್' ಎಂದು ಬಂದು, ಡಿಮೆಸೇಜಿನಲ್ಲಿ 'ವಾಲ್ಯೂಮ್ ಈಸ್ ಡರ್ಟಿ' ಎಂದಿದ್ದರೆ ಕಾರಣ ಸಿಕ್ಕಿತು. ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಶಟ್‌ಡೌನ್ ಹೊತ್ತಿನಲ್ಲಿ ಡ್ರೈವನ್ನು ಪೂರ್ತಿ ಮುಚ್ಚುವುದಿಲ್ಲ. ಮಳೆಗಾಲದಲ್ಲಿ ಕರೆಂಟು ತಟಕ್ಕನೆ ಹೋದರೂ ಅದೇ ಸ್ಥಿತಿ. ಹಳೆಯ ಎನ್‌ಟಿಎಫ್‌ಎಸ್-3ಜಿ ಚಾಲಕ ಇಂಥ ಡ್ರೈವನ್ನು ಹೇಗೋ ತೆರೆದುಕೊಡುತ್ತಿತ್ತು. ಲಿನಕ್ಸಿನ ತಿರುಳಾದ ಕರ್ನಲ್‌ನ 5.15ನೇ ಆವೃತ್ತಿಯಲ್ಲಿ ಸೇರಿದ ಹೊಸ ಚಾಲಕ ಎನ್‌ಟಿಎಫ್‌ಎಸ್3 ಖಡಾಖಂಡಿತ ನಿರಾಕರಿಸುತ್ತದೆ. ಉಬುಂಟು 24.04ರಲ್ಲಿ ಕ್ಲಿಕ್ ಮಾಡಿದೊಡನೆ ಕೆಲಸಕ್ಕಿಳಿಯುವುದು ಈ ಹೊಸದು. ನಿನ್ನೆ ತೆರೆದದ್ದು ಇಂದು ತೆರೆಯದಿರುವುದು ಇದರಿಂದ.

ವಿಂಡೋಸಿಗೆ ಹೋಗಿ, ಅಡ್ಮಿನಿಸ್ಟ್ರೇಟರ್ ಆಗಿ ಕಮಾಂಡ್ ಪ್ರಾಂಪ್ಟ್ ತೆರೆದು 'ಚೆಕ್‌ಡಿಸ್ಕ್ ಡಿ: /ಎಫ್' (ಸಿ, ಎಚ್, ಕೆ, ಡಿ, ಎಸ್, ಕೆ), ಅನಂತರ 'ಪವರ್‌ಸಿಎಫ್‌ಜಿ /ಎಚ್ ಆಫ್'. ಎರಡನೆಯ ಆದೇಶ ಫಾಸ್ಟ್ ಸ್ಟಾರ್ಟಪ್ಪನ್ನೇ ನಿಲ್ಲಿಸುತ್ತದೆ. ಎರಡು ವ್ಯವಸ್ಥೆಗಳಿರುವ ಯಂತ್ರದಲ್ಲಿ ಅದು ಇರಲೇಬಾರದು. ವಿಂಡೋಸ್ ಇಲ್ಲವೇ ಇಲ್ಲ ಎಂದಾದರೆ ಮಾತ್ರ 'ಸುಡೋ ಎನ್‌ಟಿಎಫ್‌ಎಸ್‌ಫಿಕ್ಸ್ -ಡಿ' ಎಂದು ಬರೆದು ಮುಂದೆ ಪಾರ್ಟಿಷನ್ ಹೆಸರು ಕೊಡಿ. ಅದು 'ಡರ್ಟಿ' ಗುರುತನ್ನು ಅಳಿಸುತ್ತದೆಯೇ ಹೊರತು ಚೆಕ್‌ಡಿಸ್ಕಿನಷ್ಟು ದುರಸ್ತಿ ಮಾಡುವುದಿಲ್ಲ. 'ಫೋರ್ಸ್' ಹಾಕಿ ತೆರೆಯುವ ಅಡ್ಡದಾರಿ ಬೇಡವೇ ಬೇಡ.

3. ಎಫ್‌ಎಸ್‌ಟ್ಯಾಬ್: ಹೆಚ್ಚಿನವರು ಎಡವುವುದು ಇಲ್ಲಿ

ಬೂಟ್ ಆಗುವಾಗ ಯಾವ ಡಿಸ್ಕನ್ನು ಎಲ್ಲಿ ಜೋಡಿಸಬೇಕು (ಮೌಂಟ್ ಮಾಡಬೇಕು) ಎಂಬ ಪಟ್ಟಿ '/ಇಟಿಸಿ/ಎಫ್‌ಎಸ್‌ಟ್ಯಾಬ್'. ಪಟ್ಟಿಯಲ್ಲಿದ್ದ ಡಿಸ್ಕ್ ಸಿಗದಿದ್ದರೆ ವ್ಯವಸ್ಥೆ 90 ಸೆಕೆಂಡು ಕಾಯುತ್ತದೆ, ಆಮೇಲೆ ಎಮರ್ಜೆನ್ಸಿ ಮೋಡ್. ಅಲ್ಲಿ ಎಂಟರ್ ಒತ್ತಿ ಒಳಹೋಗಿ. 'ಮೌಂಟ್ -ಒ ರೀಮೌಂಟ್,ಆರ್‌ಡಬ್ಲ್ಯು /' ಕೊಟ್ಟರೆ ಬರೆಯಲು ಅವಕಾಶವಾಗುತ್ತದೆ. ಪಟ್ಟಿಯ ಒಂದು ನಕಲು ತೆಗೆದಿಟ್ಟು, 'ನ್ಯಾನೋ'ದಲ್ಲಿ ತೆರೆದು, ಡಿ ಡ್ರೈವಿನ ಸಾಲಿನ ಮೊದಲಿಗೆ # ಹಾಕಿ, ಕಂಟ್ರೋಲ್-ಒ, ಎಂಟರ್, ಕಂಟ್ರೋಲ್-ಎಕ್ಸ್. ರೀಬೂಟ್. ಯಂತ್ರ ಎದ್ದು ಬಂದ ಮೇಲೆ ಸಾವಧಾನವಾಗಿ ಸರಿಯಾದ ಸಾಲು ಬರೆಯಿರಿ (ಯುಯುಐಡಿ ಎಂದರೆ ಪಾರ್ಟಿಷನ್ನಿನ ಗುರುತಿನ ಸಂಖ್ಯೆ; ಮೊದಲಿನ ಆ ನಾಲ್ಕಕ್ಷರ ಮಾತ್ರ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ):

ಯುಯುಐಡಿ=(ನಿಮ್ಮದು) /ಎಂಎನ್‌ಟಿ/ಡಿ ಎನ್‌ಟಿಎಫ್‌ಎಸ್-3ಜಿ ಡಿಫಾಲ್ಟ್ಸ್,ನೋಫೇಲ್,ಯುಐಡಿ=1000 0 0

ಒಟ್ಟು ಆರು ಅಂಕಣ, ನಡುವೆ ಖಾಲಿ ಜಾಗ. ನಾಲ್ಕನೆಯದರ ಒಳಗೆ ಅಲ್ಪವಿರಾಮ ಮಾತ್ರ. ಅಲ್ಪವಿರಾಮದ ಮುಂದೆ ಒಂದು ಸ್ಪೇಸ್ ಬಿದ್ದರೂ ಸಾಲು ಕೆಟ್ಟಿತು. '/ಎಂಎನ್‌ಟಿ/ಡಿ' ಫೋಲ್ಡರನ್ನು 'ಎಂಕೆಡಿಐಆರ್'ನಿಂದ ಮೊದಲೇ ಮಾಡಿಡಿ.

ಹಳೆಯ ಸಾಲಿನಲ್ಲಿ '/ಡೆವ್/ಎಸ್‌ಡಿಬಿ1' ಎಂದಿದ್ದರೆ ಅದೇ ರೋಗ. ಕರ್ನಲ್ ಬದಲಾದಾಗ ಡಿಸ್ಕುಗಳು ಸಿಗುವ ಕ್ರಮವೂ ಬದಲಾಗಬಹುದು, ನಿನ್ನೆಯ ಎಸ್‌ಡಿಬಿ ಇಂದು ಎಸ್‌ಡಿಎ ಆಗಬಹುದು. ಯುಯುಐಡಿ ಮಾತ್ರ ಫಾರ್ಮ್ಯಾಟ್ ಮಾಡುವ ತನಕ ಬದಲಾಗದು. ಅದನ್ನು 'ಸುಡೋ ಬಿಎಲ್‌ಕೆಐಡಿ' ತೋರಿಸುತ್ತದೆ, ಆದರೆ ಒಂದೇ ಸಾಲಿನಲ್ಲಿ ಯುಯುಐಡಿ, ಪಾರ್ಟ್‌ಯುಯುಐಡಿ ಎರಡೂ ಇರುತ್ತವೆ. ಅವಸರದಲ್ಲಿ ಎರಡನೆಯದನ್ನು ನಕಲು ಮಾಡುವವರೇ ಜಾಸ್ತಿ. ಎನ್‌ಟಿಎಫ್‌ಎಸ್‌ನದು 16 ಅಕ್ಷರ, ನಡುವೆ ಗೆರೆ ಇಲ್ಲ. ಲಿನಕ್ಸಿನದೇ ಕ್ರಮವಾದ ಇಎಕ್ಸ್‌ಟಿ4ರದು ಗೆರೆಗಳೂ ಸೇರಿ 36. ಎಣಿಸಿ. ದೊಡ್ಡಕ್ಷರ ಇದ್ದರೆ ದೊಡ್ಡಕ್ಷರದಲ್ಲೇ ಇರಲಿ. ಕೀಲಿಮಣೆ ಕನ್ನಡದಲ್ಲಿದ್ದರೆ ಇಂಗ್ಲಿಷಿಗೆ ತಿರುಗಿಸಿಕೊಳ್ಳಿ: ಸಾಲಿನ ಕೊನೆಗೆ ಕನ್ನಡದ ೦ ಬಿದ್ದರೆ ಕಣ್ಣಿಗೆ 0ಯಂತೆಯೇ ಕಾಣುತ್ತದೆ, ಯಂತ್ರಕ್ಕೆ ಅದು ಸೊನ್ನೆಯಲ್ಲ.

'ನೋಫೇಲ್' ಬಿಡಲೇಬೇಡಿ. ಅದಿದ್ದರೆ ಡಿಸ್ಕ್ ಸಿಗದಿದ್ದರೂ ಯಂತ್ರ ಏಳುತ್ತದೆ. 'ಯುಐಡಿ=1000' ಎನ್‌ಟಿಎಫ್‌ಎಸ್‌ಗೆ ಸರಿ; ಅದನ್ನೇ ಇಎಕ್ಸ್‌ಟಿ4 ಸಾಲಿಗೆ ಅಂಟಿಸಿದರೆ ಮೌಂಟ್ ಆಗುವುದೇ ಇಲ್ಲ.

ಅಪ್‌ಗ್ರೇಡ್ ಬದಲು ಹೊಸದಾಗಿ ಇನ್‌ಸ್ಟಾಲ್ ಮಾಡಿದವರು ಹಳೆಯ ಪಟ್ಟಿಯನ್ನು ಇಡಿಯಾಗಿ ತಂದು ಹೊಸದರ ಮೇಲೆ ಹಾಕುತ್ತಾರೆ. ಇನ್‌ಸ್ಟಾಲ್ ಹೊತ್ತಿನಲ್ಲಿ ಉಬುಂಟು ಇರುವ ಮೂಲ (ರೂಟ್) ಪಾರ್ಟಿಷನ್ ಫಾರ್ಮ್ಯಾಟ್ ಆಗಿ ಅದರ ಯುಯುಐಡಿ ಬದಲಾಗಿರುತ್ತದೆ. ಡಿ ಡ್ರೈವಿನ ಒಂದು ಸಾಲನ್ನಷ್ಟೇ ತನ್ನಿ.

ರೀಬೂಟ್ ಮಾಡಿ ಪರೀಕ್ಷಿಸಬೇಡಿ. 'ಸುಡೋ ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್', 'ಫೈಂಡ್‌ಎಂಎನ್‌ಟಿ --ವೆರಿಫೈ', 'ಸುಡೋ ಮೌಂಟ್ -ಎ'. ಕೊನೆಯದು ಏನೂ ಹೇಳದೆ ಸುಮ್ಮನಿದ್ದರೆ ಕೆಲಸ ಆಯಿತು.

4. ಡಿಸ್ಕೇ ಸಾಯುತ್ತಿದ್ದರೆ

'ಸುಡೋ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ' ಕೊಡಿ (ನಿಮ್ಮ ಡಿಸ್ಕಿನ ಹೆಸರು ಬೇರೆ ಇರಬಹುದು). 'ಕರೆಂಟ್ ಪೆಂಡಿಂಗ್ ಸೆಕ್ಟರ್' ಸಾಲಿನ ಕೊನೆಯ ಅಂಕಿ ಸೊನ್ನೆಗಿಂತ ಹೆಚ್ಚಿದ್ದರೆ ಓದಲಾಗದ ಜಾಗಗಳಿವೆ. ವಿಂಡೋಸಿನ ಚೆಕ್‌ಡಿಸ್ಕ್, ಲಿನಕ್ಸಿನ ಎಫ್‌ಎಸ್‌ಸಿಕೆ ಎರಡೂ ಇಂಥ ಡಿಸ್ಕನ್ನು ಇನ್ನಷ್ಟು ದಣಿಸುತ್ತವೆ. ಉಚಿತವೆಂದು ಇಳಿಸಿಕೊಂಡ ರಿಕವರಿ ತಂತ್ರಾಂಶವನ್ನು ಅದೇ ಡಿಸ್ಕಿಗೆ ಇನ್‌ಸ್ಟಾಲ್ ಮಾಡುವುದಂತೂ ಉಳಿದ ಕಡತಗಳ ಮೇಲೆ ತಾನೇ ಬರೆದಂತೆ. ಅದರಷ್ಟೇ ಅಥವಾ ಹೆಚ್ಚು ಸಾಮರ್ಥ್ಯದ ಬೇರೆ ಡಿಸ್ಕ್ ಜೋಡಿಸಿ, 'ಡಿಡಿರೆಸ್ಕ್ಯೂ'ನಿಂದ ಮ್ಯಾಪ್ ಕಡತ (ಎಲ್ಲಿಯ ತನಕ ನಕಲಾಯಿತೆಂಬ ದಾಖಲೆ) ಸಮೇತ ಪೂರ್ತಿ ನಕಲು ತೆಗೆಯಿರಿ. ಆದೇಶದಲ್ಲಿ ಮೊದಲು ಹಳೆಯ ಡಿಸ್ಕಿನ ಹೆಸರು, ಅನಂತರ ಹೊಸದರದು. ಹೆಸರುಗಳು ಅದಲುಬದಲಾದರೆ ಖಾಲಿ ಡಿಸ್ಕೇ ಕಡತಗಳ ಮೇಲೆ ಬಂದು ಕೂರುತ್ತದೆ. ಮಧ್ಯೆ ಕರೆಂಟು ಹೋದರೂ ಮ್ಯಾಪ್ ಕಡತ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಚೆಕ್‌ಡಿಸ್ಕ್ ಓಡಿಸುವುದು ಆ ನಕಲಿನ ಮೇಲೆ, ಅದೂ ಹಳೆಯ ಡಿಸ್ಕನ್ನು ಬಿಚ್ಚಿ ಪಕ್ಕಕ್ಕಿಟ್ಟ ಮೇಲೆ.