ಚಳಿಯ ಪದ ಹಿಡಿಯೋದು ಹೇಗೆ

ಚಿತ್ರದುರ್ಗದಲ್ಲಿ ಡಿಸೆಂಬರ್ ಚಳಿ ಅಂದರೆ ಬೆಳಗಿನ ಜಾವ 15 ಡಿಗ್ರಿ ಆಸುಪಾಸು, ಅಷ್ಟೇ. ಹಿಮಾಲಯದವರು ಕೇಳಿದರೆ ನಗುತ್ತಾರೆ. ಆದರೆ ಇಷ್ಟು ಚಳಿಗೇ ನಮ್ಮಲ್ಲಿ ಎಷ್ಟು ಮಾತಿವೆ ಅಂತ ಒಮ್ಮೆ ಕಿವಿಗೊಟ್ಟು ನೋಡಿ.

ಯಾರನ್ನೂ ನೇರವಾಗಿ "ಚಳಿಗೆ ಬೇರೆ ಪದ ಹೇಳಿ" ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಕೆಟ್ಟಿದ್ದೇನೆ. "ಚಳಿಗೆ ಚಳಿ ಅನ್ನದೆ ಇನ್ನೇನಂತಾರಪ್ಪ?" ಅಂದುಬಿಟ್ಟರು ಅಜ್ಜಿ. ಅದೇ ಅಜ್ಜಿ ಮರುದಿನ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿ ತಲೆಕೆಳಗು ಮಾಡಿ, ಅಂಗೈಗೆ ನಾಲ್ಕು ಸಲ ಕುಟ್ಟಿ, ಒಂದು ಹನಿಯೂ ಬೀಳದ್ದು ನೋಡಿ, "ಎಣ್ಣೆ ಗಡ್ಡೆ ಕಟ್ಟೈತೆ, ಮಾಗಿ ಬಂತು ಕಣಪ್ಪ" ಅಂದರು. ಮಾಗಿ! ನಾನು ಕೇಳಿದಾಗ ಬಾರದ ಪದ ಬಾಟಲಿ ಕೇಳಿದ್ದಕ್ಕೆ ಬಂತು. ಹಾಗಾಗಿ ಚಳಿ ಕಾಟ ಕೊಡುವ ಜಾಗದಲ್ಲೇ ಹೋಗಿ ನಿಲ್ಲಿ. ಬಚ್ಚಲ ಒಲೆ, ಟೀ ಅಂಗಡಿ, ಮೊದಲ ಬಸ್ಸು.

ಆದರೆ ಎಲ್ಲಕ್ಕಿಂತ ಒಳ್ಳೆಯದು ಹಿಂಗಾರಿ ಕಡಲೆ ಹೊಲ. ಹೊತ್ತು ಹುಟ್ಟೋ ಮುಂಚೆ ಹೋಗಿ, ಇಬ್ಬನಿ ಕೂತ ಎಲೆ ಸವರಿ, ಬೆರಳು ನೆಕ್ಕಿ. ಹುಳಿ! ಗಿಡವೇ ಸೂಸುವ ಹುಳಿ ಇಬ್ಬನಿಗೆ ಬೆರೆತಿರುತ್ತದೆ. ರಾತ್ರಿ ಗಿಡದ ಮೇಲೆ ಬಟ್ಟೆ ಹಾಸಿ ಬೆಳಿಗ್ಗೆ ಹಿಂಡಿ ಆ ಹುಳಿ ತೆಗೆಯೋದೂ ಉಂಟು. ಇಬ್ಬನಿಯಲ್ಲಿರುವ 'ಬನಿ' ನಮ್ಮ ಹನಿಯೇ, ಹಳಗನ್ನಡದ 'ಪನಿ'. ತಮಿಳರು ಇಬ್ಬನಿಗೆ ಈಗಲೂ ಪನಿ ಅಂತಲೇ ಅನ್ನುತ್ತಾರೆ.

ಮನೆಗೆ ಬಂದು ಕಿಟೆಲ್ ನಿಘಂಟು ತೆರೆಯಿರಿ. 1894ರದ್ದು, ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. 'ಕುಳಿರ್' ಹುಡುಕಿ. ಚಳಿಗೇ ಹಳೆಯ ಪದ, ಆದರೆ ಕು ಅನ್ನುವಾಗಲೇ ತುಟಿ ಮುದುಡುತ್ತದೆ, ಅಲ್ವಾ? ಊರ ಪಕ್ಕದ ಜೋಗಿಮಟ್ಟಿ ಗುಡ್ಡದ ಗಾಳಿಗೆ ಮುಖ ಕೊಟ್ಟು ಕುಳಿರ್ಗಾಳಿ ಅಂತ ಜೋರಾಗಿ ಹೇಳಿ ನೋಡಿ, ಕಂಠಪಾಠ ಬೇಕಾಗಲ್ಲ.

ಬರೆದಿಡುವಾಗ ಪದ ಒಂದನ್ನೇ ಬರೆಯಬೇಡಿ, ಇಡೀ ಮಾತು ಬರೆಯಿರಿ. ಚುಮುಚುಮು ಅಂದರೆ ಹಿತ, ಒಂದು ಲೋಟ ಟೀ ಸಾಕು. ಗಡಗಡ ಅಂದರೆ ಚಳ್ಳಕೆರೆ ಕಂಬಳಿಯೇ ಬೇಕು. ಎರಡನ್ನೂ ಒಂದೇ ಸಾಲಿಗೆ ಸೇರಿಸಿದರೆ ಕೆಡುತ್ತದೆ. ಹಾಗೇ, ಯಾರಾದರೂ "ನಿನ್ ಚಳಿ ಬಿಡಿಸ್ತೀನಿ" ಅಂದರೆ ಬೆಂಕಿ ಕಾಯಿಸಲು ಕರೆದರು ಅಂದುಕೊಂಡು ಹತ್ತಿರ ಹೋಗಬೇಡಿ.

ಹೆಕ್ಕಿದ್ದನ್ನು ಅವತ್ತೇ ಬಳಸಿ. ಮನೆಯವರು ನಕ್ಕರೂ ಪರವಾಗಿಲ್ಲ. ಚಳಿಗಾಲದ ಬಿಸಿಲಿನ ಕಾವಿಗೆ ಇಂಗ್ಲಿಷಿನಲ್ಲಿ ಅಪ್ರಿಸಿಟಿ ಅಂತ ಒಂದು ಪದ ಇದೆ, 1623ರಲ್ಲೇ ಹೆನ್ರಿ ಕಾಕರಮ್ ತನ್ನ ನಿಘಂಟಿಗೆ ಸೇರಿಸಿದ್ದ, ಪಾಪ, ಬಳಸುವವರಿಲ್ಲದೆ ಮೂಲೆ ಸೇರಿತು. ನಮಗೆ ಎಳೆಬಿಸಿಲು ಇದೆ, ಹೂಬಿಸಿಲು ಇದೆ. ಜಗಲಿ ಮೇಲೆ ಬೆನ್ನು ಕಾಯಿಸುತ್ತಾ ಕೂತವರಿಗೆ "ಹೂಬಿಸಿಲು ಹಿಡೀತಾ ಇದೀರಾ?" ಅಂತ ಸುಮ್ನೆ ಒಂದು ಮಾತು ಹಾಕಿ, ಅವರೇ ಇನ್ನೆರಡು ಪದ ಕೊಡುತ್ತಾರೆ.

ತಡಮಾಡಬೇಡಿ. ಶಿವರಾತ್ರಿ ಬಂದರೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ. ಆಮೇಲೆ ದುರ್ಗದಲ್ಲಿ ಸಿಗೋದು ಬರೀ ಸೆಕೆಯ ಬೈಗುಳ.